ಅಟ್ಟ ಹತ್ತದ ಅಕ್ಷರ

ಡೇನಿಶ್ ನಾಡಿನ ಲೋಗ್ಸ್ಟೋರ್ ಪೇಟೆಯ ಚರ್ಚಿನ ಸ್ಮಶಾನದಲ್ಲಿ ಆ ವರ್ಷ ಕಲ್ಲಿಲ್ಲದೆ ಮಲಗಿದ್ದವಳು ಒಬ್ಬಳೇ ಒಬ್ಬಳು. ಅವಳು ಗೋರಿಗಲ್ಲು ಕೊರೆಯುವವನ ಹೆಂಡತಿ.

ಯೋರ್ಗಿನೆ ಬೋಗ್ ತೀರಿಕೊಂಡದ್ದು ಫೆಬ್ರವರಿಯಲ್ಲಿ. ಗುಂಡಿಯ ಮಣ್ಣು ಇಳಿದು ಗಟ್ಟಿಯಾಗಲಿ ಎಂದು ಬೇಸಿಗೆ ಮುಗಿಯುವ ತನಕ ಎಲ್ಲರೂ ಕಾಯುತ್ತಾರೆ, ಅದಕ್ಕೆ ಯಾರೂ ತುಟಿ ಬಿಚ್ಚಲಿಲ್ಲ. ಆದರೆ ಮಣ್ಣು ಗಟ್ಟಿಯಾಯಿತು, ಹುಲ್ಲು ಚಿಗುರಿತು, ಆ ಹುಲ್ಲೂ ಒಣಗಿತು, ನವೆಂಬರಿನ ಮಂಜು ಊರಂಚಿನ ಫ್ಯೋರ್ಡ್ ಎಂಬ ಕಡಲ ಚಾಚಿನ ನೀರಿನಿಂದ ಎದ್ದುಬಂದು ಊರವರ ಕಲ್ಲುಗಳನ್ನೆಲ್ಲ ಒದ್ದೆ ಮಾಡಿತು. ಯೋರ್ಗಿನೆಯ ತಲೆಯ ಹತ್ತಿರ ಮಾತ್ರ ಇನ್ನೂ ಒಂದು ಮರದ ಗೂಟ, ಗೂಟಕ್ಕೊಂದು ತಗಡಿನ ನಂಬರು. ನಾಯಿ ಕಟ್ಟುವ ಗೂಟವಾದರೂ ಇದಕ್ಕಿಂತ ನೆಟ್ಟಗಿರುತ್ತದೆ ಎಂದು ಅವಳ ಮಗಳು ಸಿಸ್ಸೆಲ್ ಅಲ್ಲಿಗೆ ಹೋದಾಗಲೆಲ್ಲ ಹಲ್ಲು ಕಡಿಯುತ್ತಿದ್ದಳು.

ಬೇಕರಿಯವಳು ರೊಟ್ಟಿ ಕಟ್ಟಿಕೊಡುತ್ತ ಕೇಳಿದಳು: “ನಿಮ್ಮಪ್ಪನಿಗೆ ಒಳ್ಳೆ ಕಲ್ಲು ಸಿಗ್ತಾ ಇಲ್ವಾ, ಸಿಸ್ಸೆಲ್?”

“ಸಿಕ್ಕಿದೆ. ಅವರ ತಲೆ ಒಳಗೇ ಇದೆ. ಕಿತ್ತು ತೆಗೆಯೋರು ಬೇಕು,” ಎಂದು ಸಿಸ್ಸೆಲ್ ರೊಟ್ಟಿ ಕಸಿದುಕೊಂಡು ಹೊರಬಂದಳು.

ಅವಳ ಬಾಯಿಯೇ ಹಾಗೆ. ಅಮ್ಮನಿಂದ ಅವಳಿಗೆ ಬಂದದ್ದು ಎರಡು: ಅಂಗಡಿಯ ಮುಂದಿನ ಕೋಣೆಯ ಕುರ್ಚಿ, ಮತ್ತು ಈ ನಾಲಿಗೆ. ಯೋರ್ಗಿನೆ ತನ್ನ ನಾಲಿಗೆಯನ್ನು ಅಡುಗೆಮನೆಯಿಂದಾಚೆ ತರುತ್ತಿರಲಿಲ್ಲ. ಮಗಳಿಗೆ ಆ ಕಟ್ಟುಪಾಡು ಗೊತ್ತಿರಲಿಲ್ಲ.

ಕಲ್ಲು ತಡವಾಗುವುದಕ್ಕೆ ಕಾರಣ ಒಂದು ತಂತಿ. ಅಪ್ಪ ಆಸ್ಗರ್ ಬೋಗ್ ಆ ವಸಂತದಲ್ಲಿ ಮೂರು ಕಂಪ್ಯೂಟರುಗಳನ್ನು ಸಾಲಾಗಿ ನಿಲ್ಲಿಸಿದ್ದ. ಒಂದು ಮುಂದಿನ ಕೋಣೆಯಲ್ಲಿ, ಸತ್ತವರ ಮನೆಯವರು ಬಂದು ಹೆಸರು ಹೇಳುವಲ್ಲಿ. ಒಂದು ನಡುವಿನ ಕೋಣೆಯಲ್ಲಿ, ಆಸ್ಗರ್ ಅಕ್ಷರಗಳನ್ನು ಅಂದವಾಗಿ ಜೋಡಿಸುವಲ್ಲಿ. ಇನ್ನೊಂದು ಹಿಂದಿನ ಕಾರ್ಖಾನೆಯಲ್ಲಿ. ಅದಕ್ಕೆ ತಗುಲಿಸಿದ ಯಂತ್ರ ರಬ್ಬರ್ ಹಾಳೆಯಲ್ಲಿ ಅಕ್ಷರ ಕತ್ತರಿಸುತ್ತದೆ. ಆ ಹಾಳೆಯನ್ನು ಕಲ್ಲಿಗೆ ಅಂಟಿಸಿ ಮೇಲಿಂದ ಮರಳು ಊದಿದರೆ, ತೆರೆದಲ್ಲೆಲ್ಲ ಕಲ್ಲು ಸವೆದು ಹೆಸರು ಮೂಡುತ್ತದೆ. ಇಷ್ಟು ದಿನ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೆಸರುಗಳನ್ನು ಫ್ಲಾಪಿಯಲ್ಲಿ ಹಾಕಿ ಕೈಯಲ್ಲಿ ಹಿಡಿದುಕೊಂಡು ಹೋಗುತ್ತಿದ್ದರು. ಇನ್ನು ಮೇಲೆ ತಂತಿಯಲ್ಲೇ ಹೋಗಬೇಕು, ಯಾರೂ ಕುರ್ಚಿಯಿಂದ ಏಳಬಾರದು ಎಂಬುದು ಆಸ್ಗರನ ಹೊಸ ಹುಚ್ಚು. ಅಷ್ಟಕ್ಕೆ ನಿಲ್ಲಲಿಲ್ಲ. ತಂತಿಯಲ್ಲಿ ಹಾದು ಬರುವ ಮೊದಲ ಕಲ್ಲು ಯೋರ್ಗಿನೆಯದೇ ಆಗಬೇಕೆಂದು ಅವನು ಪಟ್ಟು ಹಿಡಿದು ಕುಳಿತ. ಹೆಂಡತಿಗೆ ಅದೊಂದು ಗೌರವ ಎಂದು ಅವನು ತಿಳಿದಿದ್ದ. ಗಂಡಸರು ಸತ್ತವರಿಗೆ ಗೌರವ ಕೊಡುವ ರೀತಿಯೇ ಹೀಗೆ, ತಮ್ಮ ಆಟಿಕೆಯನ್ನು ಅವರ ಎದೆಯ ಮೇಲಿಟ್ಟು ಆಡುವುದು.

ತಂತಿ ಎಳೆದವನು ಸಿಸ್ಸೆಲ್‌ಳ ಗಂಡ ಎಬ್ಬೆ. ಓಲ್ಬೋರ್‌ನಲ್ಲಿ ರೇಡಿಯೋ ಮಾರುತ್ತಿದ್ದವನು, ಕಂಪ್ಯೂಟರ್ ಬಂದ ಮೇಲೆ ಕಂಪ್ಯೂಟರ್ ಪಂಡಿತನಾದ. ಪಾಂಡಿತ್ಯ ಪೂರಾ ಸುಳ್ಳೇನಲ್ಲ. ಸಮಸ್ಯೆ ಏನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು, ದಿನಕ್ಕೆ ಹತ್ತು ಸಲ ಹೇಳುತ್ತಲೂ ಇದ್ದ. ಕಂಪ್ಯೂಟರಿನಲ್ಲಿ ಎಷ್ಟೇ ಮೆಮೊರಿ ಇದ್ದರೂ ಪ್ರೋಗ್ರಾಮುಗಳೆಲ್ಲ ಬಂದು ಕೂರುವುದು ಮೊದಲ ಆರುನೂರ ನಲವತ್ತು ಕಿಲೋಬೈಟಿನ ಜಗಲಿಯ ಮೇಲೇ. ಅದರ ಮೇಲಕ್ಕೆ ಒಂದು ಇಕ್ಕಟ್ಟಾದ ಅಟ್ಟ. ತಂತಿಯ ಜೊತೆ ಮಾತಾಡುವುದಕ್ಕೆ ನೆಟ್‌ವರ್ಕ್ ಡ್ರೈವರ್ ಎಂಬ ಒಬ್ಬ ಧಡೂತಿ ಬೇಕು, ಅವನ ಹಿಂದೆ ಅವನ ಇಬ್ಬರು ನೆಂಟರು. ಇವರು ಬಂದು ಕೂತರೆ ಕೆಲಸದ ಪ್ರೋಗ್ರಾಮಿಗೆ ಜಗಲಿಯಲ್ಲಿ ಜಾಗ ಉಳಿಯುವುದಿಲ್ಲ. ಪ್ರೋಗ್ರಾಮು ಕೂತರೆ ಇವರಿಗೆ ಇಲ್ಲ. ಪರದೆಯ ಮೇಲೆ ‘ಮೆಮೊರಿ ಸಾಲದು’ ಎಂಬ ಒಂದೇ ಸಾಲು.

“ಗೋರಿಗಲ್ಲಿನ ಅಂಗಡಿ,” ಎಂದಳು ಸಿಸ್ಸೆಲ್. “ನೆನಪು ಮಾರಿಯೇ ಹೊಟ್ಟೆ ಹೊರೆಯೋದು. ಇಲ್ಲೂ ನೆನಪು ಸಾಲದಂತೆ.”

“ನಿನಗೆ ಇದು ತಮಾಷೆ,” ಎಂದ ಎಬ್ಬೆ. “ಯಾರನ್ನ ಮೊದಲು ಅಟ್ಟಕ್ಕೆ ಹತ್ತಿಸ್ಬೇಕು ಅನ್ನೋದೇ ಒಂದು ವಿದ್ಯೆ ಕಣೆ. ದಪ್ಪಗಿರೋನನ್ನ ಮೊದಲು ಹತ್ತಿಸಿದ್ರೆ ಸಣ್ಣೋರು ಸಂದಿಯಲ್ಲಿ ತೂರ್ಕೋತಾರೆ. ಸಣ್ಣೋರನ್ನ ಮೊದಲು ಹತ್ತಿಸಿದ್ರೆ ಮುಗೀತು.”

“ನಮ್ಮ ಮದುವೇಲಿ ನಿಮ್ಮ ಕಡೆಯೋರನ್ನ ಬಸ್ಸಿಗೆ ಹತ್ತಿಸಿದ್ದೂ ಹೀಗೇ. ಆವತ್ತೂ ಅರ್ಧ ಜನ ರಸ್ತೇಲೇ ಉಳಿದ್ರು.”

ಅವನು ದಿನವಿಡೀ ಕುಳಿತು ಸಾಲುಗಳನ್ನು ಹಿಂದುಮುಂದು ಮಾಡುತ್ತಿದ್ದ, ಕಂಪ್ಯೂಟರನ್ನು ಆರಿಸಿ ಹಚ್ಚುತ್ತಿದ್ದ, ಎಷ್ಟು ಜಾಗ ಉಳಿಯಿತೆಂದು ನೋಡುತ್ತಿದ್ದ. ಎರಡು ಕಿಲೋಬೈಟ್ ಜಾಸ್ತಿ ಸಿಕ್ಕಿದರೆ ಲಾಟರಿ ಹೊಡೆದವನ ಹಾಗೆ ಕೂಗುತ್ತಿದ್ದ. ಆಸ್ಗರ್ ಬೆನ್ನ ಹಿಂದೆ ನಿಂತು ಕಾಫಿ ಹೀರುತ್ತ “ಹೂಂ, ಪರವಾಗಿಲ್ಲ” ಎನ್ನುತ್ತಿದ್ದ. ಆ ಸೀಮೆಯಲ್ಲಿ ‘ಪರವಾಗಿಲ್ಲ’ ಎಂದರೆ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಎಬ್ಬೆ ಉಬ್ಬಿಹೋಗುತ್ತಿದ್ದ.

ಅಕ್ಟೋಬರಿನಲ್ಲಿ ಮುಂದಿನ ಎರಡು ಕಂಪ್ಯೂಟರುಗಳು ಹೇಗೋ ತಂತಿಗೆ ಬಿದ್ದವು. ಅದಕ್ಕಾಗಿ ಎಬ್ಬೆ ಜಗಲಿಯಿಂದ ಒಬ್ಬೊಬ್ಬರನ್ನೇ ಕತ್ತು ಹಿಡಿದು ಆಚೆ ದಬ್ಬಿದ್ದ. ಮೌಸಿನ ಡ್ರೈವರ್ ಹೋಯಿತು. ಗಡಿಯಾರ ತೋರಿಸುವುದು ಹೋಯಿತು. ಕೊನೆಗೆ ಅಕ್ಷರಪಟ್ಟಿ ಎಂಬುದೂ ಹೋಯಿತು. ಅಗ್ಗಕ್ಕೆ ಸಿಕ್ಕ ಆ ಕಂಪ್ಯೂಟರುಗಳಿಗೆ ಹುಟ್ಟಿನಿಂದ ಬರುತ್ತಿದ್ದುದು ಅಮೆರಿಕದ ಅಕ್ಷರಗಳು ಮಾತ್ರ. ಡೇನಿಶ್ ಅಕ್ಷರ ತೋರಿಸು ಎಂದು ಅವುಗಳಿಗೆ ಪ್ರತಿ ಬೆಳಗ್ಗೆ ಹೇಳಿಕೊಡುತ್ತಿದ್ದುದು ಈ ಪಟ್ಟಿ. ಅಟ್ಟದಲ್ಲಿ ಅದಕ್ಕೆ ಜಾಗ ಇರಲಿಲ್ಲ, ನೆಟ್‌ವರ್ಕಿನ ನೆಂಟರು ಆಗಲೇ ಕಾಲು ಚಾಚಿಕೊಂಡಿದ್ದರು.

ಮರುದಿನ ಬೆಳಗ್ಗೆ ಸಿಸ್ಸೆಲ್ ø ಎಂಬ ಕೀಲಿ ಒತ್ತಿದರೆ ಪರದೆಯ ಮೇಲೆ ¢ ಬಂತು. ಅಡ್ಡ ಗೀಟಿನ ಓ ಹೋಗಿ ಸೆಂಟ್ ಎಂಬ ಅಮೆರಿಕದವರ ಚಿಲ್ಲರೆ ಕಾಸಿನ ಗುರುತು.

“ಎಬ್ಬೆ! ಇದೇನಿದು? ಊರಿನ ಹೆಸರಲ್ಲೇ ಎರಡಿವೆ. ಲೋಗ್ಸ್ಟೋರ್ ಅಂತ ಬರೆದ್ರೆ ಅಂಗಡಿ ಬೆಲೆಚೀಟಿ ಥರ ಕಾಣ್ತಿದೆ.”

“ಕಾಣೋದು ಹಾಗೆ, ಅಷ್ಟೇ. ಒಳಗಿರೋ ನಂಬರು ಅದೇ. ಕಾರ್ಖಾನೆ ಕಂಪ್ಯೂಟರಲ್ಲಿ ಪಟ್ಟಿ ಇದೆಯಲ್ಲ, ಅಲ್ಲಿ ಸರಿಯಾಗೇ ಕತ್ತರಿಸತ್ತೆ.”

“ಗೀಟಿನ ಓ ಇಲ್ದೆ ನಮ್ಮ ಭಾಷೇಲಿ ಯಾರೂ ಹುಟ್ಟೋಕಾಗಲ್ಲ, ಸಾಯೋಕೂ ಆಗಲ್ಲ ಕಣೋ. ಹುಟ್ಟಿದ್ದು ಅಂತ ಬರೆಯೋಕೂ ಅದೇ ಬೇಕು, ಸತ್ತಿದ್ದು ಅಂತ ಬರೆಯೋಕೂ ಅದೇ ಬೇಕು. ಈ ಅಂಗಡೀಲಿ ಅದನ್ನ ಬಿಟ್ಟು ಬೇರೆ ಏನು ಬರೀತೀವಿ? ನೀನು ಹುಡುಕಿ ಹುಡುಕಿ ಅದನ್ನೇ ಎಸೆದ್ಯಲ್ಲ.”

“ಏಳು ಕಿಲೋಬೈಟ್ ತಿಂತಿತ್ತು,” ಎಂದ ಎಬ್ಬೆ, ಆ ಅಕ್ಷರ ಯಾವುದೋ ಸೋಮಾರಿ ಬಾಡಿಗೆದಾರ ಎಂಬಂತೆ.

ಅವನು ಹೇಳಿದ್ದು ನಿಜವೇ ಆಯಿತು. ಮುಂದಿನ ಎರಡು ಪರದೆಗಳಲ್ಲಿ ಕಾಸಿನ ಗುರುತು, ಫ್ಲಾಪಿಯಲ್ಲಿ ಹಾಕಿ ಕಾರ್ಖಾನೆಗೆ ಒಯ್ದರೆ ಅಲ್ಲಿ ಸರಿಯಾದ ಅಕ್ಷರ. ಕಲ್ಲುಗಳು ಸರಿಯಾಗಿಯೇ ಹೋದವು. ಮೊದಲ ವಾರ ಸಿಸ್ಸೆಲ್ ಪ್ರತಿ ಹೆಸರಿಗೂ ಬೈದಳು. ಎರಡನೆಯ ವಾರ ಬರಿದೇ ಮೂಗು ಮುರಿದಳು. ಆಮೇಲೆ ಅದೂ ನಿಂತಿತು. ನವೆಂಬರಿನ ಹೊತ್ತಿಗೆ ಪರದೆಯ ಮೇಲಿನ ಆ ಕಾಸಿನ ಗುರುತಿನಲ್ಲೇ ಅವಳಿಗೆ ಕಾಣುತ್ತಿದ್ದುದು ಗೀಟಿನ ಓ ಮಾತ್ರ. ಆಸ್ಗರನಿಗೂ ಅಷ್ಟೇ, ಎಬ್ಬೆಗೂ ಅಷ್ಟೇ.

ಉಳಿದದ್ದು ಕಾರ್ಖಾನೆಯ ಕಂಪ್ಯೂಟರ್. ಅಕ್ಷರ ಕತ್ತರಿಸುವ ಪ್ರೋಗ್ರಾಮು ಹೊಟ್ಟೆಬಾಕ, ಎಷ್ಟು ಕೊಟ್ಟರೂ ಇನ್ನೂ ಬೇಕು. ನೆಟ್‌ವರ್ಕ್ ಡ್ರೈವರ್ ಒಳಗೆ ಕಾಲಿಟ್ಟ ಕೂಡಲೇ ಅದು ಬಾಗಿಲು ಹಾಕಿಕೊಳ್ಳುತ್ತಿತ್ತು. ಡಿಸೆಂಬರ್ ಬಂತು. ಪೇಟೆಯವರೆಲ್ಲ ತಮ್ಮ ತಮ್ಮವರ ಗೋರಿಗಳನ್ನು ಚಳಿಗಾಲಕ್ಕೆಂದು ಸ್ಪ್ರೂಸ್ ಮರದ ಹಸಿರು ರೆಂಬೆಗಳಿಂದ ಹೊದಿಸಿದರು. ಸಿಸ್ಸೆಲ್ ಗೂಟದ ಸುತ್ತ ರೆಂಬೆ ಜೋಡಿಸಿ ಬಂದಳು. ಅವಳಿಗೆ ಅಳು ಬಂದಿತ್ತು. ಅಳುವುದು ಗೊತ್ತಿಲ್ಲದವಳಾದ್ದರಿಂದ ಮನೆಗೆ ಬಂದು ಜಗಳಕ್ಕೆ ನಿಂತಳು.

ಮಧ್ಯಾಹ್ನದ ಊಟಕ್ಕೆ ಮೂವರೂ ಕಪ್ಪು ರೊಟ್ಟಿಯ ಮೇಲೆ ಹೆರಿಂಗ್ ಮೀನು ಇಟ್ಟುಕೊಂಡು ಕೂತಿದ್ದರು.

“ಅಪ್ಪಾ, ಕ್ರಿಸ್‌ಮಸ್ ಹಿಂದಿನ ದಿನ ಇಡೀ ಊರು ಸ್ಮಶಾನಕ್ಕೆ ಬರತ್ತೆ. ಪೆತ್ರೆಯಾ ದೊಡ್ಡಮ್ಮ ಅಮೆರಿಕದಿಂದ ಬರ್ತಿದ್ದಾಳೆ. ತಂಗಿ ಗೋರಿ ನೋಡೋಕೆ ಅಂತಾನೇ ಬರ್ತಿದ್ದಾಳೆ. ಗೂಟ ತೋರಿಸ್ತೀರಾ?”

“ಈ ವಾರ ಆಗತ್ತೆ ಮಗಳೇ. ಎಬ್ಬೆ ಹೇಳ್ತಿದ್ದ, ಇನ್ನು ಸ್ವಲ್ಪದರಲ್ಲೇ ಇದೆಯಂತೆ.”

“ಅವನು ಈಸ್ಟರಿಂದ ಸ್ವಲ್ಪದರಲ್ಲೇ ಇದ್ದಾನೆ. ನಾನು ಹೇಳ್ತೀನಿ ಕೇಳಿ. ಶುಕ್ರವಾರದೊಳಗೆ ಅಮ್ಮನ ಕಲ್ಲು ಕೊರೀದಿದ್ರೆ ನಾನು ಹೋಬ್ರೋಗೆ ಹೋಗಿ ಅಲ್ಲಿಯ ಕಲ್ಲು ಕೊರೆಯೋರ ಹತ್ತಿರ ಮಾಡಿಸ್ಕೊಂಡು ಬರ್ತೀನಿ.”

ಆಸ್ಗರನ ಕೈಯಲ್ಲಿದ್ದ ಚಾಕು ನಿಂತಿತು. ಬೋಗ್ ಮನೆಯ ಹೆಂಗಸು ಹೋಬ್ರೋದವರ ಕಲ್ಲಿನ ಕೆಳಗೆ ಮಲಗುವುದು! ಅದಕ್ಕಿಂತ ಅಂಗಡಿಗೆ ಬೆಂಕಿ ಹಚ್ಚುವುದು ವಾಸಿ. ಅವನು ಅಳಿಯನ ಮುಖ ನೋಡಿದ.

“ಆಗತ್ತೆ ಮಾವ,” ಎಂದ ಎಬ್ಬೆ. ಮೀನು ಹಾಗೇ ಬಿಟ್ಟು ಎದ್ದುಹೋದ.

ಗುರುವಾರ ಕೆಲಸ ಆಯಿತು. ಎಬ್ಬೆ ಕಾರ್ಖಾನೆಯಿಂದ ಓಡಿಬಂದು ಬಾಗಿಲಲ್ಲಿ ನಿಂತು ಏದುಸಿರು ಬಿಟ್ಟ. “ಬಂತು! ಡ್ರೈವರ್ರೂ ಕೂತ, ಕತ್ತರಿಸೋ ಪ್ರೋಗ್ರಾಮೂ ಕೂತಿತು. ಅಲ್ಲೂ ಆ ಅಕ್ಷರಪಟ್ಟಿ ತೆಗೀಬೇಕಾಯ್ತು, ಆದ್ರೂ...”

“ಏನು ಬೇಕಾದ್ರೂ ತೆಗಿ,” ಎಂದಳು ಸಿಸ್ಸೆಲ್. “ನಿನ್ನ ಬಾಯೀನೂ ಸೇರಿಸಿ ತೆಗೆದುಬಿಡು, ಇನ್ನೂ ಹತ್ತು ಪ್ರೋಗ್ರಾಮಿಗೆ ಜಾಗ ಆಗತ್ತೆ.”

ಆಸ್ಗರ್ ಗಹಗಹಿಸಿ ನಕ್ಕ. ಹೆಂಡತಿ ಸತ್ತ ಮೇಲೆ ಅವನು ಹಾಗೆ ನಕ್ಕದ್ದು ಅದೇ ಮೊದಲು. ಎಬ್ಬೆಯೂ ಪೆಚ್ಚುಪೆಚ್ಚಾಗಿ ನಕ್ಕ, ಹೇಳಬೇಕೆಂದಿದ್ದನ್ನು ನುಂಗಿಕೊಂಡ. ಸಿಸ್ಸೆಲ್‌ಗೆ ತನ್ನ ಮಾತಿನ ಮೇಲೆ ತನಗೇ ಖುಷಿಯಾಯಿತು.

ಅವಳು ಅಮ್ಮನ ಹೆಸರನ್ನು ಒತ್ತಿದಳು: Jørgine Bøgh. ತಂತಿಯಲ್ಲಿ ಹೆಸರು ನಡುಕೋಣೆಗೆ ಹೋಯಿತು, ಆಸ್ಗರ್ ಜೋಡಿಸಿದ, ಕಾರ್ಖಾನೆಗೆ ಹೋಯಿತು. ಯಾರೂ ಕುರ್ಚಿಯಿಂದ ಏಳಲಿಲ್ಲ. ಹಿಂದೆ ಯಂತ್ರ ಚರಚರ ಸದ್ದು ಮಾಡುತ್ತ ರಬ್ಬರ್ ಹಾಳೆ ಕತ್ತರಿಸಿತು.

ಬೋಗ್ ಮನೆಯಲ್ಲಿ ಹಾಳೆ ಕಲ್ಲಿಗೆ ಅಂಟುವ ಮೊದಲು ಒಂದು ಪದ್ಧತಿ ಇತ್ತು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಕೊನೆಯ ಅಕ್ಷರದಿಂದ ಶುರುಮಾಡಿ ಹಿಂದಕ್ಕೆ, ಒಂದೊಂದಕ್ಕೂ ಬೆರಳಿಟ್ಟು ಗಟ್ಟಿಯಾಗಿ ಓದಬೇಕು. ಇದು ಯೋರ್ಗಿನೆ ಮಾಡಿದ ಪದ್ಧತಿ. ಹೆಸರನ್ನು ಮುಂದಿನಿಂದ ಓದಿದರೆ ಮನಸ್ಸು ಓದಿಬಿಡುತ್ತದೆ, ಹಿಂದಿನಿಂದ ಓದಿದರೆ ಕಣ್ಣೇ ಓದಬೇಕಾಗುತ್ತದೆ ಎನ್ನುತ್ತಿದ್ದಳು. ಅವಳು ಕೂತಿದ್ದ ಅಷ್ಟೂ ವರ್ಷ ಆ ಗೇಟಿನಿಂದ ಒಂದು ತಪ್ಪು ಅಕ್ಷರ ಹೊರಗೆ ಹೋಗಿರಲಿಲ್ಲ. ಅವಳ ನಂತರ ಆ ಕೆಲಸ ಮಗಳದು. ಎಬ್ಬೆಯನ್ನು ಹಾಳೆಯ ಹತ್ತಿರಕ್ಕೂ ಬಿಡುತ್ತಿರಲಿಲ್ಲ. “ನೀನು ನಿನ್ನ ಕಿಲೋಬೈಟ್ ಓದು,” ಎನ್ನುತ್ತಿದ್ದಳು.

ಅವತ್ತು ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿದಳು. ಸತ್ತ ವರ್ಷದ ಕೊನೆಯ ಅಂಕಿಯಿಂದ ಹಿಡಿದು ಹೆಸರಿನ ಮೊದಲ ಅಕ್ಷರದ ತನಕ, ಎರಡೆರಡು ಸಲ. “ಹೆಚ್... ಜಿ... ಗೀಟಿನ ಓ... ಬಿ...” ಎನ್ನುತ್ತ ಬೆರಳು ಒಂದೊಂದರ ಮೇಲೂ ನಿಂತು ಮುಂದೆ ಹೋಯಿತು. ಓದಿ ಮುಗಿಸಿ “ಸರಿಯಾಗಿದೆ” ಎಂದಳು. ಆಸ್ಗರ್ ಹಾಳೆ ಅಂಟಿಸಿದ, ಮರಳು ಊದಿದ. ಕಪ್ಪು ಗ್ರಾನೈಟಿನಲ್ಲಿ ಹೆಸರು ಮೂಡಿತು. ಸೋಮವಾರ ಮೂವರೂ ಸೇರಿ ಗೂಟ ಕಿತ್ತು ಕಲ್ಲು ನಿಲ್ಲಿಸಿದರು. ಆಸ್ಗರ್ ಟೋಪಿ ತೆಗೆದು ನಿಂತು “ಪರವಾಗಿಲ್ಲ” ಎಂದ. ಸಿಸ್ಸೆಲ್ ಮನೆಗೆ ಬರುವಾಗ ಬೇಕರಿಗೆ ಹೋದಳು, ಕೊಳ್ಳುವುದೇನೂ ಇಲ್ಲದಿದ್ದರೂ.

ಕ್ರಿಸ್‌ಮಸ್ ಹಿಂದಿನ ದಿನ ಪ್ರಾರ್ಥನೆ ಮುಗಿಯುವಾಗ ಆಗಲೇ ಬೆಳಕು ಕುಂದುತ್ತಿತ್ತು. ಜನ ಚರ್ಚಿನಿಂದ ಹೊರಬಂದು ಗೋರಿಗಳ ನಡುವೆ ಹರಡಿಕೊಂಡರು, ಸಣ್ಣ ಮೋಂಬತ್ತಿ ಹಚ್ಚಿದರು. ಒಬ್ಬೊಬ್ಬರೇ ಯೋರ್ಗಿನೆಯ ಕಲ್ಲಿನ ಮುಂದೆ ನಿಂತರು. ಬೇಕರಿಯವಳು ನಿಂತಳು, ಶಾಲೆಯ ಮೇಷ್ಟ್ರು ನಿಂತರು, ಪಾದ್ರಿಯ ಹೆಂಡತಿ ನಿಂತಳು. ಓದಿದರು, ಬಗ್ಗಿ ಇನ್ನೊಮ್ಮೆ ಓದಿದರು, “ಒಳ್ಳೆ ಕಲ್ಲು” ಎಂದು ಹೇಳಿ ಮುಂದೆ ಹೋದರು. ಬೇಕರಿಯವಳು ಹೋಗುವಾಗ ಕೆಮ್ಮಿದಳು. ಆ ಊರಿನವರು ಎದುರಿಗೆ ಏನನ್ನೂ ಹೇಳುವವರಲ್ಲ, ಅಷ್ಟು ಸಭ್ಯರು. ಹೇಳಬೇಕಾದ್ದನ್ನೆಲ್ಲ ಮನೆಗೆ ಒಯ್ದು ಹಬ್ಬದೂಟದ ಬಾತುಕೋಳಿಯ ಜೊತೆ ತಿನ್ನುತ್ತಾರೆ. ಸಿಸ್ಸೆಲ್ ತಲೆಯೆತ್ತಿ ನಿಂತು ಎಲ್ಲರ ಹೊಗಳಿಕೆಯನ್ನೂ ಸ್ವೀಕರಿಸಿದಳು.

ಕೊನೆಗೆ ಪೆತ್ರೆಯಾ ದೊಡ್ಡಮ್ಮ ಕೋಲೂರಿಕೊಂಡು ಬಂದಳು. ಮದುವೆಯಾಗಿ ಮಿನ್ನೆಸೋಟಾಗೆ ಹೋದವಳು, ಅಲ್ಲಿ ಗಂಡನ ದಿನಸಿ ಅಂಗಡಿಯಲ್ಲಿ ನಿಂತು ಮುದುಕಿಯಾದವಳು. ಸಭ್ಯತೆಯನ್ನು ಅವಳು ಹಡಗಿನಲ್ಲೇ ಬಿಟ್ಟಿದ್ದಳು.

“ಇದು ಯಾರ ಕಲ್ಲು?” ಎಂದಳು.

“ಅಮ್ಮಂದು. ಇನ್ಯಾರದು?”

“ಇಲ್ಲಿ ಯಾರೋ ಜೆ-ಸೆಂಟ್-ರ್ಗಿನೆ ಬಿ-ಸೆಂಟ್-ಗ್ ಅಂತ ಬರೆದಿದೆಯಲ್ಲ. ಬೀನ್ಸ್ ಡಬ್ಬಿ ಮೇಲೆ ಬೆಲೆ ಬರೆಯೋ ಹಾಗೆ.”

“ಕನ್ನಡಕ ಒರೆಸ್ಕೋ ದೊಡ್ಡಮ್ಮ. ವಯಸ್ಸಾಯ್ತು ನಿಂಗೆ.”

“ವಯಸ್ಸಾಗಿರೋದು ನನ್ನ ಮೊಣಕಾಲಿಗೆ. ನಲವತ್ತು ವರ್ಷ ಈ ಗುರುತನ್ನ ಸೀಮೆಸುಣ್ಣದಲ್ಲಿ ಬರೆದಿದೀನಿ ನಾನು. ಓದೇ!”

ಸಿಸ್ಸೆಲ್ ತಿರುಗಿ ಕಲ್ಲನ್ನು ಓದಿದಳು. ಯೋರ್ಗಿನೆ ಬೋಗ್ ಎಂದೇ ಇತ್ತು. ಹುಟ್ಟಿದ ವರ್ಷ, ಸತ್ತ ವರ್ಷ, ಎಲ್ಲ ಸರಿ. ಪಕ್ಕದಲ್ಲಿದ್ದ ಆಸ್ಗರನ ಮುಖ ನೋಡಿದಳು. ಅವನೂ ಓದುತ್ತಿದ್ದ, ಅವನಿಗೂ ಏನೂ ಕಾಣುತ್ತಿರಲಿಲ್ಲ. ಎಬ್ಬೆಯ ಮುಖ ಮಾತ್ರ ಮೆಲ್ಲಗೆ ಬಿಳುಚಿಕೊಳ್ಳುತ್ತಿತ್ತು.

“ಎಲ್ಲಿ ತಪ್ಪಿದೆ ತೋರ್ಸು ಹಾಗಾದ್ರೆ,” ಎಂದಳು ಸಿಸ್ಸೆಲ್, ದನಿ ಇನ್ನೂ ಏರಿಸಿಯೇ.

ಮುದುಕಿ ಅವಳ ಕೈ ಹಿಡಿದೆಳೆದು ಉಣ್ಣೆಯ ಕೈಗವಸು ಕಿತ್ತಳು. ಬರಿಬೆರಳನ್ನು ಹೆಸರಿನ ಎರಡನೆಯ ಅಕ್ಷರದ ಗುಳಿಗೆ ಒತ್ತಿ ಸುತ್ತಿಸಿದಳು. ಬೆರಳು ಮೇಲಿನಿಂದ ಎಡಕ್ಕೆ ಇಳಿಯಿತು, ಕೆಳಗೆ ಬಳಸಿತು, ಬಲಕ್ಕೆ ಹತ್ತಬೇಕಾದಲ್ಲಿ ಗುಳಿಯೇ ಇರಲಿಲ್ಲ. ಉಜ್ಜಿ ಹೊಳಪಿಟ್ಟ ನುಣ್ಣನೆಯ ಕಲ್ಲಿನ ಮೇಲೆ ಜಾರಿ ನಿಂತಿತು. ಗೀಟಿನ ಓ ಸುತ್ತ ಮುಚ್ಚಿರುತ್ತದೆ. ಇದು ಮುಚ್ಚಿರಲಿಲ್ಲ.

“ಅದು ಏನಾಯ್ತು ಅಂದ್ರೆ, ಅಕ್ಷರಪಟ್ಟಿ,” ಎಂದು ಎಬ್ಬೆ ಹಿಂದಿನಿಂದ ತೊದಲಿದ. “ಇನ್ನು ಏಳು ಕಿಲೋಬೈಟ್ ಇದ್ದಿದ್ರೆ... ನಾನು ಆವತ್ತು ಹೇಳೋಕೆ ಬಂದೆ...”

“ಬಾಯಿ ಮುಚ್ಚು,” ಎಂದ ಆಸ್ಗರ್. ಹೆಂಡತಿಯ ಹೆಸರಿನ ಮುಂದೆ ಮೊಣಕಾಲೂರಿ ಅವನೂ ಕೈಗವಸು ತೆಗೆಯುತ್ತಿದ್ದ.

ಗಂಡನ ಮುಖಕ್ಕೆ ಹೊಡೆದ ಹಾಗೆ ಹೇಳಲು ಸಿಸ್ಸೆಲ್ ಬಾಯಿ ತೆರೆದಳು. ಅವನು ಹೇಳಿದ್ದ. ಪಟ್ಟಿ ತೆಗೆದೆ ಎಂದು ಬಾಗಿಲಲ್ಲಿ ನಿಂತು ಹೇಳಿದ್ದ, ಮುಂದೆ ಇನ್ನೇನೋ ಹೇಳುವುದಕ್ಕಿದ್ದ, ಅವಳು ತಮಾಷೆ ಮಾಡಿ ಅವನ ಬಾಯಿ ಮುಚ್ಚಿಸಿದ್ದಳು. ಎರಡೆರಡು ಸಲ ಓದಿದವಳೂ ಅವಳೇ. ಅಮ್ಮ ಯಾರ ಯಾರ ಹೆಸರನ್ನೋ ಒಂದಕ್ಷರ ತಪ್ಪದಂತೆ ಕಾಪಾಡಿ ಕಳಿಸಿದ್ದಳು. ಅಮ್ಮನ ಹೆಸರನ್ನು ಕಾಪಾಡಬೇಕಾಗಿದ್ದುದು ಇವಳೊಬ್ಬಳೇ.

“ನಾನೇ ಓದಿದ್ದು, ದೊಡ್ಡಮ್ಮ,” ಎಂದಳು. ಅಷ್ಟು ಸಣ್ಣ ದನಿ ಅವಳಲ್ಲಿದೆಯೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅವಳು ಮತ್ತೊಮ್ಮೆ ಕಲ್ಲನ್ನು ನೋಡಿದಳು. ಗೊತ್ತಾದ ಮೇಲಾದರೂ ತಪ್ಪು ಕಾಣಬೇಕಿತ್ತು. ಕಾಣಲಿಲ್ಲ. ಕಣ್ಣು ಯೋರ್ಗಿನೆ ಬೋಗ್ ಎಂದೇ ಓದಿಕೊಡುತ್ತಿತ್ತು, ಅಕ್ಷರ ಅಕ್ಷರವೂ ಸರಿಯಾಗಿ, ಬಲು ಅಂದವಾಗಿ. ಬಂದವರು ಹೋದವರೆಲ್ಲ J¢rgine B¢gh ಎಂದು ಓದಿಕೊಂಡು ಹೋಗಿದ್ದರು, ಮಗಳಾದ ಅವಳಿಗೇ ಅದನ್ನು ನೋಡುವ ಶಕ್ತಿಯಿರಲಿಲ್ಲ. ಸಿಸ್ಸೆಲ್ ಕಣ್ಣು ಮುಚ್ಚಿಕೊಂಡಳು. ಚಳಿಗೆ ಮರಗಟ್ಟುತ್ತಿದ್ದ ಬೆರಳಿನಿಂದ ತಡವುತ್ತ ಕೆಳಗಿನ ಸಾಲಿಗೆ ಇಳಿದಳು, ಹುಟ್ಟಿದ್ದರಲ್ಲಿ ಒಂದು, ಸತ್ತದ್ದರಲ್ಲಿ ಒಂದು ಇರಬೇಕಾಗಿದ್ದಲ್ಲಿಗೆ. ಎರಡನ್ನೂ ಸುತ್ತಿ ನೋಡಿದಳು. ಎರಡೂ ಬಲಗಡೆ ತೆರೆದುಕೊಂಡೇ ಇದ್ದವು.